ಲೈನ್ ಮನೆಯ ಇನ್ಫಿನಿಟಿ

ಕೊಪ್ಪದಿಂದ ಬಾಳೆಹೊನ್ನೂರಿಗೆ ಹೋಗುವ ದಾರಿಯ ಒಂದು ಕಾಫಿ ತೋಟದ ಆಫೀಸಿನಲ್ಲಿ ನಾನು ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಎರಡು ಸಾವಿರದ ದಶಕದ ನಡುವಿನ ಮಾತು. ಆ ವರ್ಷ ಆಳುಗಳಿಗೆಂದು ಸಾಲಾಗಿ ಕಟ್ಟಿದ್ದ ಲೈನ್ ಮನೆಗಳಲ್ಲಿ ಅರ್ಧವನ್ನು ಕೆಡವುವುದೆಂದು ತೀರ್ಮಾನವಾಯಿತು. ದಿನದ ಸರಾಸರಿಯಲ್ಲಿ ಹೆಚ್ಚು ಹಣ್ಣು ಕೊಯ್ದವರಿಗೆ ಮಾತ್ರ ಮನೆ. ಒಬ್ಬೊಬ್ಬರ ಹಣ್ಣಿನ ತೂಕವನ್ನು ಹಾಜರಿಯ ದಿನಗಳಿಂದ ಭಾಗಿಸಿ, ಆ ಸರಾಸರಿಯನ್ನು ಹೊಸ ಸಾಫ್ಟ್‌ವೇರ್ ಹೇಳಬೇಕು. ತೋಟದ ಆಡಳಿತದವರು ತಮ್ಮ ಬಾಯಲ್ಲಿ ಹೇಳಲು ನಾಚಿಕೆಯಾದದ್ದನ್ನು ಯಂತ್ರದಿಂದ ಹೇಳಿಸುವ ಉಪಾಯ ಅದು.

ಲೈನಿನ ಕೊನೆಯ ಮನೆಯಲ್ಲಿ ಸೀತೂರು ಕಡೆಯ ಅಕ್ಕತಂಗಿಯರಿದ್ದರು. ಅಕ್ಕನಿಗೆ ಎದೆಯ ಕಾಯಿಲೆ. ಅವಳ ಬದಲಿಗೆ ತಂಗಿ ಕೊಯ್ಲಿಗೆ ಬರುತ್ತಿದ್ದಳು. ನಮ್ಮ ತೋಟದ ಹಳೆಯ ರೂಢಿಯಂತೆ, ಬದಲಿ ಆಳು ಬಂದರೂ ಹಾಜರಿ ಕಾಯಿಲೆಯವರ ಹೆಸರಿಗೇ ಬೀಳುತ್ತಿತ್ತು, ಪಾಪ, ಅವರ ಜಾಗ ಹೋಗದಿರಲಿ ಎಂದು. ಹಣ್ಣಿನ ತೂಕ ಮಾತ್ರ ಚೀಲ ಹೊತ್ತು ತಂದವರ ಹೆಸರಿಗೆ.

ಹೀಗಾಗಿ ಅಕ್ಕನ ಸರಾಸರಿ ಸೊನ್ನೆ ಬಂತು. ತಂಗಿಯ ಹೆಸರಿನ ಮುಂದೆ 'ಇನ್ಫಿನಿಟಿ' ಎಂದಿತ್ತು. ಅವಳು ಕೊಯ್ದ ಅಷ್ಟೂ ಹಣ್ಣನ್ನು ಸೊನ್ನೆ ದಿನಗಳಿಂದ ಭಾಗಿಸಿದ್ದರ ಫಲ. ಪೂರ್ಣಾಂಕದ ಲೆಕ್ಕವಾಗಿದ್ದರೆ ಪ್ರೋಗ್ರಾಮು ಅಲ್ಲೇ ನಿಲ್ಲುತ್ತಿತ್ತು, ಯಾಕೆಂದು ಯಾರಾದರೂ ನೋಡುತ್ತಿದ್ದರು. ದಶಮಾಂಶದ ಲೆಕ್ಕ ನಿಲ್ಲುವುದಿಲ್ಲ. ಅನಂತವನ್ನೂ ಒಂದು ಸಂಖ್ಯೆಯೆಂದು ಬರೆದುಕೊಂಡು ಮುಂದಿನ ಸಾಲಿಗೆ ಹೋಗುತ್ತದೆ. ತಂಗಿ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಕೂತಿದ್ದಳು.

ಮ್ಯಾನೇಜರ್ ನಕ್ಕರು. "ಇದೆಂತ ಮಾರಾಯ, ಇಡೀ ತೋಟದ ಹಣ್ಣು ಇವಳೊಬ್ಬಳೇ ಕೊಯ್ದಿದ್ದಾ?"

ನಾನು ರೂಢಿಯನ್ನು ನೆನಪಿಸಿ, "ಇಬ್ರದ್ದೂ ಸೇರಿಸಿ ನೋಡಿದ್ರೆ ಸರಿಯಾಗ್ತದೆ ಸಾರ್" ಎಂದೆ. ಅವರು ಕೇಳಲಿಲ್ಲ. ಶಿವಮೊಗ್ಗದ ಪ್ರೋಗ್ರಾಮರ್‌ಗೆ ಫೋನ್ ಮಾಡಿದರು. ಅವನು ಬಂದು, ಇನ್ಫಿನಿಟಿ ಬಂದ ಸಾಲುಗಳನ್ನೆಲ್ಲ ಬಿಟ್ಟುಬಿಡುವಂತೆ ತಿದ್ದಿ, ಕಾಫಿ ಕುಡಿದು ಹೋದ. ಅಕ್ಕನ ಸೊನ್ನೆ ಮಾತ್ರ ಉಳಿದು, ಅವರ ಮನೆ ಕೆಡವುವ ಪಟ್ಟಿಗೆ ಸೇರಿತು. ನಾನು ಜಗಳವಾಡಿದೆ. "ಕಂಪ್ಯೂಟರ್ ಹೇಳಿದ ಮೇಲೆ ನಿಂದೆಂತದಾ?" ಎಂದು ಮ್ಯಾನೇಜರ್ ಗದರಿದರು. ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಮನೆ ಬಿಡುವ ದಿನ ತಂಗಿ ಆಫೀಸಿನ ಬಾಗಿಲಿಗೆ ಬಂದಳು.

"ನಾನು ಕೊಯ್ದಿದ್ದು ಕಮ್ಮಿ ಆತಾ ಅಣ್ಣಾ?"

"ಇಲ್ಲ ತಂಗಿ. ಎಲ್ಲರಿಗಿಂತ ಜಾಸ್ತಿ."

"ಹಂಗಾರೆ ಮತ್ಯಾಕೆ?"

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಗೋಡೆ ಕೆಡವುವವರು ಆಗಲೇ ಹಾರೆ ಹಿಡಿದು ನಿಂತಿದ್ದರು. ಅವಳು ನಡೆಯಲಾರದ ಅಕ್ಕನನ್ನು ಹಣ್ಣಿನ ಚೀಲದ ಹಾಗೆ ಬೆನ್ನಿಗೇರಿಸಿಕೊಂಡು ಬಸ್ಸಿನ ರಸ್ತೆಯ ಕಡೆಗೆ ಇಳಿದಳು. ಆ ತೂಕವನ್ನು ಯಾರೂ ಅವಳ ಹೆಸರಿಗೆ ಬರೆಯಲಿಲ್ಲ.