ಹಕ್ಕರಕಿಯ ಕುಂಡಕ್ಕೆ ಬಿದ್ದ ಮರುಭೂಮಿ

ಮರುಭೂಮಿಯ ಧೂಳು ಬಂತು, ಅವ್ವನ ಹಕ್ಕರಕಿ ಸೊಪ್ಪು ಹುಲುಸಾಗಿ ಬೆಳೆಯಿತು. ಮನೆಗೆ ಬಂದವರಿಗೆಲ್ಲ ಈ ಕತೆಯನ್ನು ಹೀಗೆಯೇ ಹೇಳಲಾಗುತ್ತದೆ. ಎರಡೂ ಮಾತು ನಿಜವೇ ಇರಬಹುದು. ಆದರೆ ಮೊದಲನೆಯದರಿಂದಲೇ ಎರಡನೆಯದು ಆಯಿತೆಂದು ಹೇಳಿದವರು ಯಾರು? ಅದೇ ವಾರ ಅವ್ವ ಕುಂಡಗಳಿಗೆ ಸೆಗಣಿ ಗೊಬ್ಬರವನ್ನೂ ಹಾಕಿದ್ದಳು. ಕತೆಯಲ್ಲಿ ಆ ಸಂಗತಿ ಬರುವುದೇ ಇಲ್ಲ.

ಪುಣೆಯ ಬಿಬವೇವಾಡಿಯಲ್ಲಿರುವ ನಮ್ಮ ಮಾಳಿಗೆಯಿಂದ ದಿನಾ ಕಾಣುವ ಕಾತ್ರಜದ ಗುಡ್ಡಗಳು ಒಂದು ಬೆಳಿಗ್ಗೆ ಕಾಣಲಿಲ್ಲ. ಮಂಜು ಎಂದುಕೊಂಡೆ, ಬಿಸಿಲೇರಿದರೂ ಕರಗಲಿಲ್ಲ. ಪಡುವಣ ಗಾಳಿ ಸಮುದ್ರ ದಾಟಿ ಮರುಭೂಮಿಯ ಧೂಳು ತಂದಿದೆ ಎಂದು ಟೀವಿಯಲ್ಲಿ ಹೇಳಿದರು. ಸಂಜೆಯ ಹೊತ್ತಿಗೆ ಒಣಹಾಕಿದ ಬಟ್ಟೆ, ನೀರಿನ ಟಾಕಿ, ಸ್ಕೂಟರಿನ ಸೀಟು, ಎಲ್ಲದರ ಮೇಲೂ ಹಿಟ್ಟಿನಷ್ಟು ನಯವಾದ ಕಂದು ಪುಡಿ.

ಆಗ ಮನೆಯಲ್ಲಿ ಅಕ್ಕ ಇದ್ದಳು, ಹೆರಿಗೆಗೆಂದು ತವರಿಗೆ ಬಂದವಳು. ಕಾಕಾನೂ ಇದ್ದರು. ಅಪ್ಪನ ತಮ್ಮ, ಕೊಲ್ಲಿಯ ಒಂದು ಮರುಭೂಮಿ ನಗರದಲ್ಲಿ ಬಹಳ ವರ್ಷಗಳಿಂದ ಕೆಲಸದಲ್ಲಿರುವವರು, ರಜೆಗೆ ಬಂದಿದ್ದರು. ಹೀಗಾಗಿ ಧೂಳಿನ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು. ಅತ್ತಿಗೆಯಾದ ಅವ್ವನಿಗೆ ಅವರು ಹೇಳಿದರು:

"ವೈನಿ, ಇದನ್ನ ಗಟಾರಕ್ಕ ಚೆಲ್ಲಬ್ಯಾಡ್ರಿ. ಇದರಾಗ ಸುಣ್ಣ ಅದ, ಕಬ್ಬಿಣ ಅದ. ಅಲ್ಲಿ ನಾ ಇರೂ ಊರ ಹೊರಗ ಮೊದಲ ಬರೇ ಉಸುಕು ಇತ್ತು. ಈಗ ಒಂದ ಮಳಿ ಬಿದ್ರ ಸಾಕು, ರಸ್ತಾದ ಎರಡೂ ಕಡೆ ಹುಲ್ಲು ಏಳತದ. ಗಾಳಿ ತಂದ ಗೊಬ್ಬರ ಅಂದ್ರ ಇದು!"

ಅವ್ವ ಮಾಳಿಗೆ ಗುಡಿಸಿದಳು. ಧೂಳನ್ನು ಹಳೆಯ ಹಿಟ್ಟಿನ ಸಾಣಿಗೆಯಲ್ಲಿ ಸಾಣಿಸಿ, ಹಕ್ಕರಕಿ ಕುಂಡಗಳ ಮಣ್ಣಿಗೆ ಬೆರೆಸಿದಳು. ಧಾರವಾಡದಿಂದ ತರಿಸಿದ ಬೀಜ ಅದು. ಪುಣೆಯ ಸಂತೆಯಲ್ಲಿ ಮೆಂತ್ಯ ಸಿಗುತ್ತದೆ, ನಮಗೆ ಹಕ್ಕರಕಿ ಎಲ್ಲಿಯೂ ಸಿಕ್ಕಿಲ್ಲ. ಅದನ್ನು ನಮ್ಮವರು ಬೇಯಿಸುವುದಿಲ್ಲ. ರೊಟ್ಟಿಯ ಜೊತೆ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಎಣ್ಣೆ ಹಚ್ಚಿಕೊಂಡು ಹಸಿಹಸಿಯಾಗಿಯೇ ತಿನ್ನುತ್ತಾರೆ. ಬಸುರಿ ಅಕ್ಕನಿಗೆ ಬೇರೇನೂ ಸೇರುತ್ತಿರಲಿಲ್ಲ. ಇದೊಂದು ಸೇರುತ್ತಿತ್ತು.

ಎಲೆ ಏಳತೊಡಗಿದಾಗ ನನ್ನ ಊಟ ಕೆಟ್ಟಿತು. ಅಕ್ಕ ಒಂದೊಂದೇ ಎಲೆ ಮಡಚಿ ಬಾಯಿಗಿಡುವುದನ್ನು ನೋಡುತ್ತ ಕೂರುತ್ತಿದ್ದೆ. ಅವಳು ಕೆಮ್ಮಿದರೆ ನನ್ನ ಕೈಯ ತುತ್ತು ಅಲ್ಲಿಯೇ ನಿಲ್ಲುತ್ತಿತ್ತು. ಆ ಧೂಳು ಬರೀ ಮರಳುಗಾಡಿನದಾಗಿದ್ದರೆ ನನಗೆ ತಕರಾರಿರಲಿಲ್ಲ. ಆದರೆ ಅದು ಬರುವ ದಾರಿಯಲ್ಲಿ ಕಾಕಾ ದುಡಿಯುವ ನಗರ ಇತ್ತಲ್ಲ! ಅಲ್ಲಿನ ಮೋಟಾರುಗಳ ಹೊಗೆ, ಕಟ್ಟುವ ಗೋಪುರಗಳ ಸಿಮೆಂಟು. ಹೊಗೆಯಲ್ಲಿ ಸಾರಜನಕ ಇರುತ್ತದೆ, ಅದು ಗಿಡಕ್ಕೆ ಊಟವೇ. ಊರ ಹೊರಗೆ ಹುಲ್ಲು ಎದ್ದದ್ದು ಅದರಿಂದಲೂ ಇರಬಹುದು. ಆದರೆ ಅದೇ ಹೊಗೆಯಲ್ಲಿ ಬೇರೆಯವೂ ಇರುತ್ತವೆ. ಗಾಳಿ ಇದು ಗೊಬ್ಬರ, ಇದು ವಿಷ ಎಂದು ಬೇರೆ ಬೇರೆ ಗಂಟು ಕಟ್ಟಿ ತರುತ್ತದೆಯೇ? ಎಲೆ ಹಸಿರಾಗಿದೆ ಎನ್ನುವುದು ಎಲೆ ಶುದ್ಧವಾಗಿದೆ ಎನ್ನುವುದಕ್ಕೆ ಪುರಾವೆಯಲ್ಲ.

ಅಕ್ಕ ಮಲಗಿದ್ದಾಗ ಇದನ್ನು ಅಡುಗೆಮನೆಯಲ್ಲಿ ಹೇಳಿದೆ.

"ತೊಳದ ಕೊಡ್ತೀನಲ್ಲ?" ಎಂದಳು ಅವ್ವ.

"ಎಲಿ ಮ್ಯಾಲಿಂದು ಹೋಗತದ ಅವ್ವಾ. ಬೇರು ಎಳಕೊಂಡಿದ್ದು?"

"ವಿಷ ಅದ ಅಂತ ನಿನಗ ಗೊತ್ತದೇನ?"

"ಇಲ್ಲ ಅಂತ ನಿನಗ ಗೊತ್ತದೇನ?"

ಕಾಕಾ ಚಹಾದ ಕಪ್ಪು ಕೆಳಗಿಟ್ಟು ನಕ್ಕರು. "ಬಂದ್ರಪಾ ವಕೀಲಬಾಯಿ! ಅಲ್ಲಿ ಇರಾಂವ ನಾನೋ, ನೀನೋ?"

"ಚರ್ಚಾಸ್ಪರ್ಧಾದಾಗ ಕಪ್ ಗೆದ್ದೀಯಲ್ಲ," ಎಂದಳು ಅವ್ವ, "ಅದರಾಗ ಮಣ್ಣು ತುಂಬಿ ನಿನ್ನ ಶುದ್ಧ ಹಕ್ಕರಕಿ ಬೆಳಿ. ಅಲ್ಲೀತನಕ ಅಕಿ ಮುಂದ ಬಾಯಿ ಬಿಟ್ಟಿ ಅಂದ್ರ ನೋಡು."

ಅಕ್ಕನ ಮುಂದೆ ಬಾಯಿ ಬಿಡಲಿಲ್ಲ. ನನ್ನಲ್ಲಿ ಪುರಾವೆ ಇರಲಿಲ್ಲ. ಅಷ್ಟೇಕೆ, ಆ ಪುಡಿಯಲ್ಲಿ ಮರುಭೂಮಿಯದೆಷ್ಟು, ಹಿಂದಿನ ಗಲ್ಲಿಯಲ್ಲಿ ಏಳುತ್ತಿರುವ ಕಟ್ಟಡದ್ದೆಷ್ಟು ಎಂದು ಕೇಳಿದ್ದರೂ ನಾನು ಸೋಲುತ್ತಿದ್ದೆ. ವಾದದಲ್ಲಿ ಸಂದೇಹ ಹುಟ್ಟಿಸಿದರೆ ಅರ್ಧ ಗೆದ್ದ ಹಾಗೆ. ಮನೆಯಲ್ಲಿ ಬಸುರಿಯ ಮನಸ್ಸಿಗೆ ಸಂದೇಹ ಹಾಕಿದರೆ ಅವಳು ಅದೊಂದನ್ನೂ ಬಿಟ್ಟು ಉಪವಾಸ ಕೂರುತ್ತಾಳೆ. ಸುಮ್ಮನಿದ್ದರೆ ತಿನ್ನುತ್ತಾಳೆ. ಯಾವ ಕಡೆ ನಿಲ್ಲುವುದೆಂದು ತಿಳಿಯದೆ ಬಾಲ್ಕನಿಯ ಕಿಟಕಿ ಮುಚ್ಚುತ್ತ ತೆರೆಯುತ್ತ ತಿರುಗಾಡುತ್ತಿದ್ದೆ.

ಕಾಕಾ ಧಾರವಾಡಕ್ಕೆ ಹೊರಟ ದಿನ ಅವರನ್ನು ಬಸ್ಸಿಗೆ ಬಿಡಲು ಕಾತ್ರಜಕ್ಕೆ ಸ್ಕೂಟರಿನಲ್ಲಿ ಕರೆದೊಯ್ದೆ. ಲಾರಿಯೊಂದು ಹೊಗೆ ಉಗುಳಿ ಮುಂದೆ ಹೋಯಿತು. ಹಿಂದೆ ಕೂತಿದ್ದ ಕಾಕಾ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಕಾಕುವಿನ, ಅಂದರೆ ತಮ್ಮ ಹೆಂಡತಿಯ, ಮಾತು ತೆಗೆದರು.

"ನಿಮ್ಮ ಕಾಕುಗ ಅಲ್ಲಿ ದಿನಾ ಒಂದ ಕೆಲಸ ನೋಡು. ತುಳಸಿ ಎಲಿ ಒಂದೊಂದ ಹಸೀ ಅರಿವೀಲೆ ಒರಸೂದು. ಇಲ್ಲಂದ್ರ ತೀರ್ಥಕ್ಕ ಹಾಕಾಕ ಬರೂದಿಲ್ಲ."

"ಕುಂಡಾ ಹೊರಗ ಇಟ್ಟೀರೇನ್ರಿ?"

"ಛೆ, ಒಳಗ ಇಟ್ಟೇವಿ. ಮಣ್ಣೂ ಅಲ್ಲೀದಲ್ಲ, ಅಂಗಡಿ ಚೀಲದ್ದು. ಅಲ್ಲೀ ಧೂಳಿನ್ಯಾಗ ತುಳಸಿ ಹಚ್ಚಾಕ ನಿಮ್ಮ ಕಾಕು ಒಪ್ಪತಾಳೇನ?"

ಇಷ್ಟು ಹೇಳಿ ಅವರು ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡರು. ನಾನು ಸ್ಕೂಟರಿನ ಕನ್ನಡಿಯಲ್ಲಿ ಅವರ ಮುಖ ನೋಡಿದೆ.

ಬಸ್ಸು ನಿಂತೇ ಇತ್ತು. ಕಾಕಾ ಹತ್ತಿ ಕಿಟಕಿಯ ಬಳಿ ಕೂತರು. ಅಷ್ಟರಲ್ಲಿ ಅವ್ವನ ಫೋನು. "ಕಾಕಾಗ ಜಾಗಾ ಸಿಕ್ತೇನ? ನೀ ಲಗೂ ಬಾ, ಅಕ್ಕ ಉಣ್ಣಾಕ ಕೂಡಾಕತ್ಯಾಳ. ಇವತ್ತ ಹಕ್ಕರಕಿ ಭಾಳ ಎಳೇದು ಸಿಕ್ಕದ." ಹಿಂದಿನಿಂದ ತಾಟು ಇಟ್ಟ ಸದ್ದು, ಅಕ್ಕನ ಒಂದು ಸಣ್ಣ ಕೆಮ್ಮು.

ಡ್ರೈವರ್ ಎಂಜಿನ್ ಚಾಲೂ ಮಾಡಿದ. ಕಾಕಾ ಅರ್ಧ ಎಳೆದಿದ್ದ ಕಿಟಕಿಯ ಗಾಜನ್ನು ನಾನು ಹೊರಗಿನಿಂದ ಕೈಯಿಂದ ತಡೆದು, ಅವ್ವ ಇನ್ನೂ ಲೈನಿನಲ್ಲಿದ್ದ ಫೋನನ್ನು ಅವರ ಮುಂದೆ ಚಾಚಿದೆ.

"ಕಾಕಾ, ಅವ್ವ ನನ್ನ ಮಾತು ಕೇಳೂದಿಲ್ರಿ, ನಿಮ್ಮದು ಕೇಳ್ತಾಳ. ನಿಮ್ಮ ಮನ್ಯಾಗ ತುಳಸಿಗೂ ಹಾಕದ ಧೂಳಿನ್ಯಾಗ ಬೆಳದ ಎಲಿ ನಮ್ಮ ಅಕ್ಕ ತಿನ್ನಬೇಕೋ ಬ್ಯಾಡೋ, ನೀವ ಹೇಳ್ತೀರೇನ್ರಿ?"