ಪ್ರಭುವಿನ ಮೂಲಕ ಅಮ್ಮಚ್ಚಿಗೆ

ಪ್ರಾರ್ಥನೆಗೆ ಅಡ್ಡಿ ಯಾವುದು ಎಂದು ಧ್ಯಾನಕೂಟದಲ್ಲಿ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಮೊಬೈಲು, ಟಿವಿ, ನಿದ್ದೆ. ನಾನೂ ತಲೆಯಾಡಿಸಿ ಬರುತ್ತಿದ್ದೆ. ಆದರೆ ನಮ್ಮ ಮನೆಯ ಕಥೆಯೇ ಬೇರೆ. ಸಂಜೆ ಏಳಕ್ಕೆ ಟಿವಿ ಆಫ್, ಮೊಬೈಲು ಫ್ರಿಜ್ಜಿನ ಮೇಲೆ, ನಿದ್ದೆಯ ಮಾತೇ ಇಲ್ಲ. ನಮ್ಮಲ್ಲಿ ಪ್ರಾರ್ಥನೆಗೆ ಅಡ್ಡಿಯಾಗಿದ್ದುದು ಪ್ರಾರ್ಥನೆಯೇ.

ನನ್ನದು ಪುತ್ತೂರಿನ ಕಡೆಯ ಕೊಂಕಣಿ ಮಾತಿನ ಮನೆ. ಮದುವೆಯಾಗಿ ಬಂದದ್ದು ಕಡಬದ ಹತ್ತಿರ, ಕೇರಳದಿಂದ ಬಂದು ರಬ್ಬರ್ ಹಾಕಿದ ಮಲಯಾಳಂ ಮನೆಗೆ. ಅತ್ತೆಯನ್ನು ಗಂಡನ ಹಾಗೆ ನಾನೂ ಅಮ್ಮಚ್ಚಿ ಎಂದೇ ಕರೆಯುವುದು. ಮನೆಯಲ್ಲಿ ನಾವು ಮೂವರೇ. ನನ್ನ ಮಲಯಾಳಂ ಮೀನು ಕೊಳ್ಳುವಷ್ಟಕ್ಕೆ ಸಾಕು, ಅಮ್ಮಚ್ಚಿಗೆ ಕೊಂಕಣಿ ಬಾರದು. ಹಾಗಾಗಿ ಪ್ರೀತಿಯೂ ಜಗಳವೂ ಕನ್ನಡದಲ್ಲಿ.

ಈ ಮನೆಯ ಪದ್ಧತಿ ಹೀಗೆ. ಮಣಿ ಎಣಿಸುತ್ತ ಹೇಳುವ ಜಪಸರ ಮುಗಿದ ಮೇಲೆ ಚಾಪೆಯ ಮೇಲೆ ಮೊಣಕಾಲೂರಿಕೊಂಡೇ ಒಬ್ಬೊಬ್ಬರೂ ತಮ್ಮ ತಮ್ಮ ಕೋರಿಕೆಯನ್ನು ಗಟ್ಟಿಯಾಗಿ ದೇವರಿಗೆ ಹೇಳಬೇಕು. ಹಿರಿಯರು ಮೊದಲು, ಕಿರಿಯರು ಕೊನೆಗೆ. ಒಬ್ಬರು ಹೇಳಿದ ಮೇಲೆ ಉಳಿದವರು "ಪ್ರಭುವೇ, ನಮ್ಮ ಪ್ರಾರ್ಥನೆ ಆಲಿಸು" ಎನ್ನಬೇಕು. ಎಷ್ಟು ಚಂದದ ಪದ್ಧತಿ ಎಂದು ಹೊಸದರಲ್ಲಿ ನಾನು ತವರಿನಲ್ಲಿ ಹೊಗಳಿಕೊಂಡದ್ದೂ ಉಂಟು.

ಅಮ್ಮಚ್ಚಿಯ ಕೋರಿಕೆ ಮಲಯಾಳಂನಲ್ಲಿ ಶುರುವಾಗುತ್ತಿತ್ತು. ಪೋಪರು, ಬಿಷಪರು, ರೋಗಿಗಳು, ಮಳೆ, ರಬ್ಬರಿನ ರೇಟು. ನಡುವೆ ತಟ್ಟನೆ ಕನ್ನಡ ಬರುತ್ತಿತ್ತು: "ಕರ್ತಾವೇ, ಗ್ಯಾಸ್ ದೊಡ್ಡದು ಮಾಡಿಟ್ಟು ಫೋನಿನಲ್ಲಿ ಮಾತಾಡುವವರಿಗೆ ಒಳ್ಳೆ ಬುದ್ಧಿ ಕೊಡು." ಮತ್ತೆ ಮಲಯಾಳಂ. ಮನೆಯಲ್ಲಿ ಗ್ಯಾಸ್ ಹಚ್ಚಿ ಫೋನಿನಲ್ಲಿ ಮಾತಾಡುವವಳು ನಾನೊಬ್ಬಳೇ. ಅದಕ್ಕೆ ನಾನೇ ಬಾಯಿ ತೆರೆದು "ಪ್ರಭುವೇ, ನಮ್ಮ ಪ್ರಾರ್ಥನೆ ಆಲಿಸು" ಎನ್ನಬೇಕು. ಹೇಳದೆ ಇರುವ ಹಾಗಿಲ್ಲ, ದೇವರಿಗೆ ವಿರೋಧವಾಗುತ್ತದಲ್ಲ!

ನಾನೇನು ಕಮ್ಮಿಯೇ? ಆಲಂಕಾರಿನ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವಳು ನಾನು. ನನ್ನ ಸರದಿ ಬಂದಾಗ, "ದೇವರೇ, ಎಲ್ಲರ ಮನೆಯ ಸೊಸೆಯಂದಿರಿಗೂ ಸಹನೆ ಕೊಡು, ವಯಸ್ಸಾದವರಿಗೆ ಬಾಯಿಗಿಂತ ಕಿವಿ ಹೆಚ್ಚು ಕೊಡು" ಎಂದೆ. ಅಮ್ಮಚ್ಚಿ ಹಲ್ಲು ಕಚ್ಚಿಕೊಂಡು ಪ್ರತ್ಯುತ್ತರ ಹೇಳಿದರು. ಗಂಡ ಎರಡೂ ಪಕ್ಷಕ್ಕೆ ಒಂದೇ ದನಿಯಲ್ಲಿ "ಪ್ರಭುವೇ" ಎನ್ನುತ್ತಿದ್ದರು. ನಡುವೆ ಒಮ್ಮೆ ಅವರು ನಕ್ಕದ್ದಕ್ಕೆ ಇಬ್ಬರೂ ಸೇರಿ ಬೈದೆವು.

ಹಗಲಿಡೀ ನಮ್ಮಲ್ಲಿ ಒಂದು ಕೊಂಕು ಮಾತಿಲ್ಲ. ಮರಗೆಣಸು ಬೇಯಿಸಿದರೆ ಅಮ್ಮಚ್ಚಿ ನನಗೇ ಮೊದಲು ಬಡಿಸುವುದು. ಏನಿದ್ದರೂ ಸಂಜೆಗೆ ಎತ್ತಿಟ್ಟುಕೊಳ್ಳುವುದು. ಎದುರು ಹೇಳಿದರೆ ಜಗಳ, ದೇವರಿಗೆ ಹೇಳಿದರೆ ಭಕ್ತಿ. ಊರವರು ನಮ್ಮನ್ನು ಆದರ್ಶ ಅತ್ತೆ-ಸೊಸೆ ಎನ್ನುತ್ತಿದ್ದರು.

ಹೀಗೆ ನಡೆಯುತ್ತಿರುವಾಗ ಒಂದು ದಿನ ಸ್ನಾನ ಮಾಡುವಾಗ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ಗಂಡನಿಗೆ ಮಾತ್ರ ಹೇಳಿದೆ. ಪುತ್ತೂರಿನ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಮುಟ್ಟಿ ನೋಡಿ, ಸೂಜಿ ಹಾಕಿ ಸ್ವಲ್ಪ ತೆಗೆದುಕೊಂಡು, ಪರೀಕ್ಷೆಗೆ ಕಳುಹಿಸುತ್ತೇವೆ, ಮುಂದಿನ ವಾರ ಬನ್ನಿ ಎಂದರು. "ಅಮ್ಮಚ್ಚಿಗೆ ಹೇಳ್ಬೇಡಿ" ಎಂದು ಗಂಡನ ಹತ್ತಿರ ಆಣೆ ಮಾಡಿಸಿದೆ. ಈ ಗಂಟೂ ಸಂಜೆಯ ಕೋರಿಕೆಯಲ್ಲಿ ಬಂದು, "ಹೊತ್ತಿಗೆ ಸರಿಯಾಗಿ ಉಣ್ಣದವರಿಗೆ" ಎಂದು ಶುರುವಾದರೆ ನನ್ನಿಂದ ಆಗದು ಅನ್ನಿಸಿತ್ತು.

ದೇವರಿಗಾದರೂ ಹೇಳೋಣ ಎಂದರೆ ಅದೂ ಆಗಲಿಲ್ಲ. ಶಾಲೆಗೆ ಹೋಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿ "ದೇವರೇ" ಎಂದರೆ ಸಾಕು, ಹಿಂದಿನ ಸಂಜೆ ಅಮ್ಮಚ್ಚಿ ಹೇಳಿದ್ದಕ್ಕೆ ಕೊಡಬೇಕಾದ ಉತ್ತರ ಒಳಗೆ ಜೋಡಣೆಯಾಗತೊಡಗುತ್ತಿತ್ತು. ಟೀಚರ ಕೋಣೆಯಲ್ಲಿ ಒಬ್ಬಳೇ ಕೂತಾಗಲೂ ಅಷ್ಟೇ. ದೇವರು ಎಂದ ಕೂಡಲೇ ಒಳ್ಳೆ ಒಂದು ಕುಟುಕು ವಾಕ್ಯ ಹೊಳೆಯುತ್ತಿತ್ತು. ಸಾಯುವ ಭಯ ಒಂದು ಕಡೆ. ಅದಕ್ಕಿಂತ ದೊಡ್ಡ ಭಯ ಇದು: ಇಷ್ಟು ವರ್ಷ ದಿನಾ ಮೊಣಕಾಲೂರಿದವಳು ನಾನು, ಬೇಕಾದ ಹೊತ್ತಿಗೆ ದೇವರ ಹತ್ತಿರ ಮಾತೇ ಬರುತ್ತಿಲ್ಲ. ಆ ವಾರ ನನ್ನಷ್ಟು ಒಂಟಿ ಯಾರೂ ಇರಲಿಲ್ಲ ಅನ್ನಿಸಿತ್ತು.

ಆಮೇಲೊಂದು ಸಂಜೆ ಜಪಸರ ಮುಗಿಯಿತು. ಅಮ್ಮಚ್ಚಿ ಪೋಪರಿಂದ ಹೊರಟು ಮಳೆಯವರೆಗೆ ಬಂದು ಕನ್ನಡಕ್ಕೆ ತಿರುಗಿದರು. "ಕರ್ತಾವೇ, ಮನೆಯಲ್ಲಿ ಕೆಲಸ ರಾಶಿ ಬಿದ್ದಿರುವಾಗ ಪುತ್ತೂರಿಗೆ ತಿರುಗಾಡ್ಲಿಕ್ಕೆ ಹೋಗುವವರಿಗೆ ಮನೆಯ ನೆನಪು ಕೊಡು."

ಗಂಡ ಪ್ರತ್ಯುತ್ತರ ಹೇಳಲಿಲ್ಲ. ಮೊದಲ ಸಲ. ಅಮ್ಮಚ್ಚಿ ತಿರುಗಿ ಮಗನನ್ನು ನೋಡಿದರು. ನನ್ನ ನಾಲಿಗೆಯ ತುದಿಯಲ್ಲಿ ಉತ್ತರ ತಯಾರಿತ್ತು, ಅವರು ನೋಡುವ ಟಿವಿ ಸೀರಿಯಲ್ಲಿನ ಬಗ್ಗೆ. ಗಂಡನ ಸರದಿಗೂ ಕಾಯದೆ ಬಾಯಿ ತೆರೆದೆ. ಅದು ಬರಲಿಲ್ಲ.

"ದೇವರೇ, ನನ್ನ ಎದೆಯಲ್ಲಿ ಒಂದು ಗಂಟು ಉಂಟು. ಎಂತದೂಂತ ಇನ್ನೂ ಗೊತ್ತಾಗ್ಲಿಲ್ಲ. ನನಗೆ ತುಂಬ ಹೆದರಿಕೆ ಆಗ್ತದೆ" ಎಂದೆ.

ಅಷ್ಟೇ. ಅದಕ್ಕೆ ಹಿಂದೆ ಮುಂದೆ ಏನೂ ಇರಲಿಲ್ಲ. ಹೇಳಿ ಮುಗಿಸಿದಾಗ ನನ್ನ ಭುಜ ಎರಡೂ ಕೆಳಗಿಳಿದವು. ಅಷ್ಟು ದಿನ ಅವನ್ನು ಎತ್ತಿ ಹಿಡಿದುಕೊಂಡೇ ಓಡಾಡುತ್ತಿದ್ದೆ ಎಂದು ಆಗಲೇ ಗೊತ್ತಾದದ್ದು. ಅಮ್ಮಚ್ಚಿ ಮೊಣಕಾಲಿನಲ್ಲೇ ಚಾಪೆಯ ಮೇಲೆ ಸರಿದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಪ್ರಾರ್ಥಿಸಿದರು. ಪೂರ್ತಿ ಮಲಯಾಳಂನಲ್ಲಿ, ಎಷ್ಟು ವೇಗವಾಗಿ ಎಂದರೆ ನನಗೆ ಕಾಲು ಪಾಲೂ ತಿಳಿಯಲಿಲ್ಲ. "ಎಂಡೆ ಮೋಳ್" ಎನ್ನುವುದು ಮಾತ್ರ ಮತ್ತೆ ಮತ್ತೆ ಕೇಳಿಸಿತು, ನನ್ನ ಮಗಳು ಎಂದು. ಒಂದೇ ಒಂದು ಕನ್ನಡದ ಶಬ್ದ ಬರಲಿಲ್ಲ. ನನಗೆ ಕೇಳಿಸಲೆಂದು ಹೇಳಿದ ಪ್ರಾರ್ಥನೆ ಅದಲ್ಲ ಎಂಬ ಸಮಾಧಾನದಲ್ಲಿ ನಾನು ಜೋರಾಗಿ ಅತ್ತುಬಿಟ್ಟೆ.

ಆಮೇಲೆ ಅಡುಗೆಮನೆಯಲ್ಲಿ ಗಂಜಿ ಬಡಿಸುತ್ತಾ ಅಮ್ಮಚ್ಚಿ ಕೇಳಿದರು: "ಎಂತ ಮೋಳೇ, ಇದನ್ನು ನನಗೆ ಹೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ?"

"ನೀವು ಪ್ರಾರ್ಥನೆಯಲ್ಲಿ ಹೇಳ್ತೀರಿ ಅಂತ ಹೆದರಿದೆ ಅಮ್ಮಚ್ಚಿ."

ಅವರ ಕೈಯ ಸೌಟು ನಿಂತಿತು. ಮುಖ ಸಣ್ಣದಾಯಿತು. ನನಗೆ ಇನ್ನೊಂದು ಸೌಟು ಗಂಜಿ ಹಾಕಿ, "ಗ್ಯಾಸಿನ ವಿಷಯ ಇನ್ನು ಇಲ್ಲೇ ಹೇಳ್ತೇನೆ ನಾನು. ನೀನು ಬೇಜಾರು ಮಾಡುದು ಬೇಡ" ಎಂದರು.

"ಹೇಳಿ. ನಾನೂ ಬಿಡುದಿಲ್ಲ, ಇಲ್ಲೇ ಉತ್ತರ ಕೊಡ್ತೇನೆ."

"ಕೊಡು ಮಾರಾಯ್ತಿ. ನನ್ನ ಸೀರಿಯಲ್ಲಿನ ಸುದ್ದಿಗೆ ಮಾತ್ರ ಬರ್ಬೇಡ." ಇಬ್ಬರೂ ನಕ್ಕೆವು. ಮರುದಿನ ಬೆಳಿಗ್ಗೆ ಹಾಲು ಉಕ್ಕಿದ್ದಕ್ಕೆ ಎದುರೆದುರೇ ಚೆನ್ನಾಗಿ ಜಗಳವಾಡಿದೆವು. ಕಾಫಿ ಕುಡಿಯುವಷ್ಟರಲ್ಲಿ ಮುಗಿದೂ ಹೋಯಿತು.

ಆ ದಿನ ಬಸ್ಸಿನಲ್ಲಿ ಕಣ್ಣು ಮುಚ್ಚಿದೆ. ದೇವರೇ ಎಂದೆ. ಬೇರೆ ಯಾರಿಗೂ ಹೇಳಬೇಕಾದದ್ದು ಏನೂ ಉಳಿದಿರಲಿಲ್ಲವಾದ್ದರಿಂದ ನನ್ನ ಮಾತು ನೆಟ್ಟಗೆ ಹೊರಟಿತು. ನನಗೆ ಬದುಕಬೇಕು ಎಂದು ಕೊಂಕಣಿಯಲ್ಲಿ, ಚಿಕ್ಕವಳಿರುವಾಗ ಬೇಡುತ್ತಿದ್ದ ಹಾಗೆ, ಬೇಡಿಕೊಂಡೆ. ಆಲಂಕಾರು ಬಂದದ್ದೇ ತಿಳಿಯಲಿಲ್ಲ. ಕಂಡಕ್ಟರ್ ಕೂಗಿ ಎಬ್ಬಿಸಿದ, ನಾನು ನಿದ್ದೆ ಹೋಗಿದ್ದೇನೆ ಎಂದುಕೊಂಡು.

ಫಲಿತಾಂಶ ಕೇಳಲು ಹೋಗುವ ದಿನ ಅಮ್ಮಚ್ಚಿಯೂ ಹೊರಟರು. ಬೇಡ ಎಂದರೆ ಕೇಳುವವರಲ್ಲ. ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು, "ಇದು ಬರೀ ಕೊಬ್ಬಿನ ಗಂಟು. ಹೆದರುವಂಥದ್ದು ಏನೂ ಇಲ್ಲ" ಎಂದರು. ಅಮ್ಮಚ್ಚಿ "ಇನ್ನೊಮ್ಮೆ ಹೇಳಿ" ಎಂದರು. ಅವರು ಇನ್ನೊಮ್ಮೆ ಹೇಳಿದರು. ಹೊರಗೆ ಬಂದು ಹೋಟೆಲಿನಲ್ಲಿ ಬಾಳೆಹಣ್ಣಿನ ಸಿಹಿ ಬನ್ಸ್ ತಿಂದೆವು. ಸಕ್ಕರೆ ಕಾಯಿಲೆಯ ಅಮ್ಮಚ್ಚಿ ಎರಡು ತಿಂದರು, ನಾನು ಕಂಡೂ ಕಾಣದ ಹಾಗೆ ಇದ್ದೆ. ಅಂಥ ಹಗುರ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಆ ಸಂಜೆ ಜಪಸರ ಮುಗಿದ ಮೇಲೆ ಅಮ್ಮಚ್ಚಿ ತಮ್ಮ ಕೋರಿಕೆ ಚುಟುಕಾಗಿ ಮುಗಿಸಿದರು. ಗಂಡನದೂ ಆಯಿತು. ಕೊನೆಗೆ ನನ್ನ ಸರದಿ. ಹೇಳಬೇಕಾದದ್ದು ಬೇಕಾದಷ್ಟಿತ್ತು, ಬಸ್ಸಿನಲ್ಲಿ ಅಷ್ಟೂ ಯೋಚಿಸಿಟ್ಟುಕೊಂಡಿದ್ದೆ. ಎರಡು ಸಲ ಬಾಯಿ ತೆರೆದೆ, ದನಿ ಹೊರಡಲಿಲ್ಲ. ಇಬ್ಬರೂ ಕಾದರು.

ಕೊನೆಗೆ ಅಮ್ಮಚ್ಚಿ ಗೋಡೆಯ ಮೇಲಿನ ಪಟದ ಕಡೆ ಮುಖವೆತ್ತಿ, ಪಕ್ಕದ ಮನೆಯವರ ಹತ್ತಿರ ಮಾತಾಡುವ ಹಾಗೆ ಹೇಳಿದರು: "ಕರ್ತಾವೇ, ಇವಳಿಗೆ ಈಗ ಮಾತಾಡ್ಲಿಕ್ಕೆ ಆಗುದಿಲ್ಲ. ನೀನೇ ಅರ್ಥ ಮಾಡ್ಕೊ."

"ಪ್ರಭುವೇ, ನಮ್ಮ ಪ್ರಾರ್ಥನೆ ಆಲಿಸು" ಎಂದೆ ನಾನು.