ಏಳು ಕಾಲಿನ ಚೇಳು

ಹೊನ್ನೂರಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಮಸ್ಕಿಯಿಂದ ಸಂತೆಕಲ್ಲೂರಿನವರೆಗೆ ಅವಳ ಬರಹವಿಲ್ಲದ ಹೆಣ್ಣುಕೈ ಸಿಗುವುದು ಕಷ್ಟವಿತ್ತು. ಕಾಗದದ ಮೇಲೆ ಬರೆಯುವ ನಮ್ಮಂಥವರದು ಗೆದ್ದಲಿಗೆ ಊಟ. ಅವಳು ಹಾಕಿದ ಹಚ್ಚೆ ಸುಡುಗಾಡಿನವರೆಗೂ ಜೊತೆಗೆ ಹೋಗುತ್ತಿತ್ತು. ಅವಳ ಜೊತೆಗೆ ಮಾತ್ರ ಯಾರೂ ಇರಲಿಲ್ಲ. ಗಂಡ ಸತ್ತಿದ್ದ, ಮಕ್ಕಳಾಗಿರಲಿಲ್ಲ. ಹಳ್ಳದ ದಂಡೆಯ ಗುಡಿಸಲಿನಲ್ಲಿ ಕೂತು ಸೂಜಿಗಳೊಡನೆ ಮಾತಾಡುತ್ತಿದ್ದಳು. "ಇವು ತಿರುಗಿ ಮಾತಾಡಂಗಿಲ್ಲ, ಚುಚ್ಚತಾವ ಅಷ್ಟ" ಎನ್ನುತ್ತಿದ್ದಳು.

ಹಚ್ಚೆಗೊಂದು ಕಟ್ಟಳೆಯಿತ್ತು. ಮಕ್ಕಳಿಗೆ ಹಾಕುವಾಗ ಮನೆಯವರೊಬ್ಬರು ಪಕ್ಕದಲ್ಲಿ ಕೂತು ಕೈ ಹಿಡಿಯಬೇಕು. ಹಿಡಿಯುವವರಿಲ್ಲದ ಕೂಸಿಗೆ ಸೂಜಿ ಮುಟ್ಟಿಸಬಾರದು.

ಒಂದು ಸಂತೆಯ ದಿನ ವೆಂಕೋಬ ಎಂಬವನು ಐದು ಹುಡುಗರನ್ನು ಸಾಲಾಗಿ ತಂದು ಕೂರಿಸಿದ. "ಅಕ್ಕನ ಮಕ್ಕಳು. ಹರಕಿ ಐತಿ, ಮಣಿಕಟ್ಟಿಗೆ ಒಂದೊಂದು ಚೇಳು ಹಾಕು."

"ಕೈ ಹಿಡಿಯೋರು?"

"ನೀನ ಹಿಡಿ ಬೇ! ನಿನಗೇನು ಕೈ ಇಲ್ಲೇನು?" ಎಂದು ಅವನು ಬೀಡಿ ಸೇದಲು ಹೋದ.

ಹೊನ್ನೂರಮ್ಮ ಹಿಡಿದಳು. ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತೇ ಹಿಡಿದಳು.

ಆರು ತಿಂಗಳ ಮೇಲೆ ಪೊಲೀಸ್ ಜವಾನ ದಾವಲ್‌ಸಾಬ್ ಗುಡಿಸಲಿಗೆ ಬಂದ. ವೆಂಕೋಬನದು ಜೇಬುಗಳ್ಳರ ಟೋಳಿಯಂತೆ. ಹುಡುಗರನ್ನು ಊರೂರಿಂದ ಎಬ್ಬಿಸಿ ತಂದು, ಹೊಡೆದು, ಸಂತೆಯಲ್ಲಿ ಜೇಬು ಕತ್ತರಿಸಲು ಬಿಡುತ್ತಿದ್ದನಂತೆ. ಓಡಿಹೋದವರ ಗುರುತು ಹಿಡಿಯಲೆಂದೇ ಆ ಚೇಳು.

"ಹುಡುಗರು ತಾವಾಗೇ ಸೇರಿದ್ರು ಅಂದ್ರ ಅವರಿಗೂ ಜೇಲು. ಹೆದರಿಸಿ ಸೇರಿಸ್ಯಾನ ಅಂದ್ರ ಅವನೊಬ್ಬನಿಗೆ ಸಜಾ," ಎಂದ ದಾವಲ್‌ಸಾಬ್. "ಆದ್ರ ಯವ್ವಾ, ನೀ ಖರೇ ಹೇಳಿದ್ರ ಕಟ್ಟಳಿ ಮುರದದ್ದು ಊರಿಗೆಲ್ಲ ಗೊತ್ತಾಗ್ತದ. ಆಮ್ಯಾಲ ಯಾರು ನಿನ್ನ ಮುಂದ ಕೈ ಚಾಚ್ತಾರ?"

"ಅದಾ ನೋಡಾಕತ್ತೀನಪ್ಪ," ಎಂದಳು. ವಾರ ಕಳೆದ ಮೇಲೆ ಸೂಜಿಗಳನ್ನು ಗಂಟು ಕಟ್ಟಿಟ್ಟು ಗಾಡಿ ಹತ್ತಿದಳು.

ಲಿಂಗಸುಗೂರಿನ ಅದಾಲತ್ತಿನಲ್ಲಿ ವೆಂಕೋಬನ ವಕೀಲರು ಭಾರಿ ಗಂಟಲು ತೆಗೆದರು. "ಹುಜೂರ್, ತಾಯಂದಿರೇ ಕೂತು, ಕೈ ಹಿಡಿದು ಹಚ್ಚೆ ಹಾಕಿಸಿದ್ದಾರೆ. ಇದರಲ್ಲಿ ಒತ್ತಾಯ ಎಲ್ಲಿಂದ ಬಂತು?"

ಹೊನ್ನೂರಮ್ಮ ಕಟಕಟೆಯಲ್ಲಿ ಸೆರಗು ಸರಿಪಡಿಸಿಕೊಂಡಳು. "ಕಾಲು ಎಣಸ್ರಿ, ಹುಜೂರ್."

"ಯಾರ ಕಾಲು?" ಮುನ್ಸೀಫರು ಬಗ್ಗಿ ನೋಡಿದರು.

"ಚೇಳಿನವು ರೀ."

ಅದಾಲತ್ತಿನ ಬರಹಗಾರ ಪೇಷ್ಕಾರ ಕನ್ನಡಕ ಏರಿಸಿ, ಹುಡುಗರ ಸಾಲಿನಲ್ಲಿ ಮೊದಲು ನಿಂತಿದ್ದ ಮುದುಕಪ್ಪನ ಕೈ ನೋಡಿದ. ಈ ಮುದುಕಪ್ಪನಿಗೆ ಒಂಬತ್ತು ವರ್ಷ. ಏಳು ಕಾಲು. ಉಳಿದ ನಾಲ್ವರ ಕೈಯಲ್ಲೂ ಏಳೇ.

"ಚೇಳಿಗೆ ಎಂಟು ಕಾಲು ರೀ. ಮನಿಯವರು ಕೈ ಹಿಡದ್ರ ನಾ ಎಂಟೂ ಹಾಕ್ತೀನಿ. ಇವರಿಗೆ ಯಾರೂ ಇರಲಿಲ್ಲ, ನಾನ ಹಿಡದಿದ್ದೆ. ಎಂಟನೇ ಕಾಲಿನ ಜಾಗದಾಗ ನನ್ನ ಹೆಬ್ಬೆಟ್ಟಿತ್ತು."

"ಯಾರೂ ಇಲ್ಲದ ಮಕ್ಕಳಿಗೆ ಯಾಕೆ ಹಾಕಿದೆ?" ಎಂದರು ಮುನ್ಸೀಫರು.

ಈ ಪ್ರಶ್ನೆಗೆ ಅವಳು ತಯಾರಾಗಿ ಬಂದಿರಲಿಲ್ಲ. "ಭಾಳ ವರ್ಷ ಆಗಿತ್ರಿ, ಒಂದು ಕೂಸಿನ ಕೈ ಹಿಡದು."

ಇದನ್ನು ಅದಾಲತ್ತಿನ ಉರ್ದುವಿನಲ್ಲಿ ಹೇಗೆ ಬರೆಯಬೇಕೆಂದು ಪೇಷ್ಕಾರನಿಗೆ ಹೊಳೆಯಲಿಲ್ಲ. ಸಾಕ್ಷಿದಾರಳು ಸುಮ್ಮನಿದ್ದಳೆಂದು ಬರೆದು ಮುಗಿಸಿದ.

ವೆಂಕೋಬನಿಗೆ ಮೂರು ವರ್ಷದ ಸಖ್ತ ಸಜೆಯಾಯಿತು. ಹುಡುಗರು ಊರಿಗೆ ಹೋದರು. ಹೊನ್ನೂರಮ್ಮನಿಗೆ ಮುನ್ಸೀಫರು ಚೆನ್ನಾಗಿ ಬೈದು ಬಿಟ್ಟರು.

ಮಸ್ಕಿಯ ಗಾಡಿಯಲ್ಲಿ ಅವಳ ಜೊತೆ, ಚಿಕ್ಕಂದಿನಲ್ಲಿ ಅವಳಿಂದಲೇ ಚೇಳು ಹಾಕಿಸಿಕೊಂಡು ಈಗ ಹಚ್ಚೆಯ ಕಟ್ಟಳೆಯ ಬಗ್ಗೆ ಸಾಕ್ಷಿ ಹೇಳಲು ಬಂದಿದ್ದ ಮೂವರು ಹೆಂಗಸರಿದ್ದರು. ಬಳೆ ಮೇಲೇರಿಸಿ ತಂತಮ್ಮ ಚೇಳಿನ ಕಾಲು ಎಣಿಸಿಕೊಂಡರು. ಎಂಟು ಇದ್ದವು. ಮೂವರೂ ನಿಟ್ಟುಸಿರು ಬಿಟ್ಟು, ಗಾಡಿಯ ಮುಂತುದಿಗೆ, ಮೂಕಿಯ ಕಡೆಗೆ ಸರಿದು ಕೂತರು. ಅಷ್ಟಗಲ ಜಾಗ ಹೊನ್ನೂರಮ್ಮನಿಗೆ ಗಾಡಿಯಲ್ಲಿ ಎಂದೂ ಸಿಕ್ಕಿರಲಿಲ್ಲ.

ಬಹಳ ದೂರ ಹೋದ ಮೇಲೆ ಆ ಮೂವರಲ್ಲೊಬ್ಬಳಾದ ಅಮರಮ್ಮ, ಯಾರ ಮುಖವನ್ನೂ ನೋಡದೆ, ಅಂದಳು: "ಮೊಮ್ಮಗಳಿಗೆ ಮುಂದಿನ ತಿಂಗಳ ಹಾಕಸಬೇಕಂತ ಮಾಡಿದ್ದೆ. ಸಿಂಧನೂರಾಗ ಬ್ಯಾರೆ ಒಬ್ಬಾಕಿ ಅದಾಳಂತ."

"ಅದಾಳ," ಎಂದಳು ಹೊನ್ನೂರಮ್ಮ. "ಅಕಿ ಕೈ ಹಗುರ ಐತಿ. ಹುಡುಗಿಗೆ ಅಷ್ಟು ನೋಯಂಗಿಲ್ಲ, ಹೋಗಿ ಬರ್ರಿ."